ಹೆಬ್ಬಾವು ಕಳೆದುಕೊಂಡ ಹದಿನೇಳು ಅಕ್ಷರಗಳು

ಕಾವಿಗಿಟ್ಟ ಕೋಳಿಮೊಟ್ಟೆಯ ಚಿಪ್ಪನ್ನು ಮೂರು ದಿನ ಕಳೆದ ಮೇಲೆ ಜಾಗರೂಕತೆಯಿಂದ ಸ್ವಲ್ಪವೇ ಕತ್ತರಿಸಿ ತೆಗೆದರೆ, ಹಳದಿಯ ಮೇಲೆ ಹರಡಿದ ರಕ್ತನಾಳಗಳ ಬಲೆ, ಅದರ ನಡುವೆ ಆಗಲೇ ಮಿಡಿಯುತ್ತಿರುವ ಹೃದಯ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಭ್ರೂಣದ ಎರಡೂ ಪಕ್ಕದಲ್ಲಿ ನಾಲ್ಕು ಸಣ್ಣ ಉಬ್ಬುಗಳು. ಮುಂದಿನ ಎರಡು ರೆಕ್ಕೆಗಳಾಗಬೇಕು, ಹಿಂದಿನ ಎರಡು ಕಾಲುಗಳಾಗಬೇಕು. ಸದ್ಯಕ್ಕೆ ನೋಟದಲ್ಲಿ ಹೆಚ್ಚೇನೂ ಭೇದವಿಲ್ಲ. ಇಲಿಯ ಭ್ರೂಣದಲ್ಲೂ ಇಂಥದೇ ಉಬ್ಬುಗಳು ಏಳುತ್ತವೆ. ಮನುಷ್ಯರಲ್ಲಿ ಅವು ನಾಲ್ಕನೆಯ ವಾರದ ಕೊನೆಯ ಹೊತ್ತಿಗೆ ಮೂಡುತ್ತವೆ, ಎಂಟನೆಯ ವಾರ ಮುಗಿಯುವಷ್ಟರಲ್ಲಿ ಬೆರಳುಗಳು ಬಿಡಿಬಿಡಿಯಾಗಿರುತ್ತವೆ.

ಆ ಉಬ್ಬಿನ ಪ್ರತಿ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಹೆಬ್ಬೆರಳಾಗುವ ಕೋಶಕ್ಕೊಂದು, ಕಿರುಬೆರಳಾಗುವ ಕೋಶಕ್ಕೊಂದು ಎಂದು ಬೇರೆ ಬೇರೆ ಜೀನ್‌ಗಳ ಕಟ್ಟು ಇಲ್ಲ. ಹಾಗಿದ್ದರೆ ಯಾವ ಕೋಶ ಏನಾಗಬೇಕೆಂದು ತೀರ್ಮಾನವಾಗುವುದು ಹೇಗೆ? ಜೀವವಿಜ್ಞಾನದಲ್ಲಿ ನನಗೆ ಇದಕ್ಕಿಂತ ಸುಂದರವಾದ ಪ್ರಶ್ನೆ ಗೊತ್ತಿಲ್ಲ. ಜೀನ್ ಇದೆಯೋ ಇಲ್ಲವೋ ಎಂಬುದರಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ಅದು ಎಲ್ಲಿ, ಯಾವಾಗ, ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂದು ನೋಡಬೇಕು.

ಮೊದಲ ಸುಳಿವು ಸಿಕ್ಕಿದ್ದು ಈ ಕೆಲಸದ ಜೀನ್‌ಗಳ ಹೆಸರೇ ಗೊತ್ತಿಲ್ಲದ ಕಾಲದಲ್ಲಿ. ರೆಕ್ಕೆಯ ಉಬ್ಬಿನ ತುದಿಯಲ್ಲಿ ಚರ್ಮದ ಕೋಶಗಳು ಒತ್ತಾಗಿ ಸೇರಿ ಒಂದು ದಪ್ಪ ಅಂಚು ಕಟ್ಟಿಕೊಂಡಿರುತ್ತವೆ. ಅಮೆರಿಕದ ಜಾನ್ ಸಾಂಡರ್ಸ್ ಆ ಅಂಚನ್ನು ಕತ್ತರಿಸಿ ತೆಗೆದು, ಮೊಟ್ಟೆಯನ್ನು ಮುಚ್ಚಿ, ಭ್ರೂಣ ಬೆಳೆಯಲು ಬಿಟ್ಟರು. ಬೇಗನೆ ತೆಗೆದರೆ ತೋಳಿನ ಮೇಲ್ಭಾಗವಷ್ಟೇ ಬೆಳೆದು ರೆಕ್ಕೆ ಮೊಂಡಾಯಿತು. ತಡವಾಗಿ ತೆಗೆದಷ್ಟೂ ಮೊಣಕೈ, ಮುಂಗೈ ಎಂದು ಇನ್ನಷ್ಟು ಭಾಗ ಸೇರಿಕೊಂಡಿತು. 1948ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಗೊತ್ತಾದದ್ದಿಷ್ಟು: ಅಂಗ ಬುಡದಿಂದ ತುದಿಯ ಕಡೆಗೆ ರೂಪುಗೊಳ್ಳುತ್ತದೆ, ಅದಕ್ಕೆ ಅಂಚಿನ ಪ್ರಚೋದನೆ ಬೇಕು. ಆ ಅಂಚು ಸ್ರವಿಸುವುದು ಎಫ್‌ಜಿಎಫ್ ಎಂಬ ಪ್ರೋಟೀನ್‌ಗಳನ್ನು ಎಂದು ಆಮೇಲೆ ತಿಳಿಯಿತು. ಅಂಚು ತೆಗೆದ ಜಾಗದಲ್ಲಿ ಎಫ್‌ಜಿಎಫ್‌ನಲ್ಲಿ ನೆನೆಸಿದ ಸಣ್ಣ ಮಣಿಗಳನ್ನು ಇಟ್ಟರೂ ರೆಕ್ಕೆ ಬೆಳೆಯುತ್ತದೆ.

ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ 1968ರಲ್ಲಿ ವರದಿ ಮಾಡಿದ ಪ್ರಯೋಗ ಇನ್ನೂ ವಿಸ್ಮಯಕರ. ಉಬ್ಬಿನ ಹಿಂಬದಿಯಿಂದ, ಅಂದರೆ ನಮ್ಮ ಕೈಯಲ್ಲಿ ಕಿರುಬೆರಳು ಬರುವ ಕಡೆಯಿಂದ, ಒಂದು ಚೂರು ಅಂಗಾಂಶ ತೆಗೆದು ಮುಂಬದಿಗೆ ಕಸಿ ಮಾಡಿದರು. ಮೂರು ಬೆರಳಿರಬೇಕಾದ ರೆಕ್ಕೆಯಲ್ಲಿ ಆರು ಬೆರಳು ಬಂದವು. ಅದೂ ಕನ್ನಡಿಯಲ್ಲಿ ಕಂಡಂತೆ, ಒಂದು ಬದಿಯ ಕ್ರಮವೇ ಇನ್ನೊಂದು ಬದಿಯಲ್ಲಿ ತಿರುಗುಮುರುಗಾಗಿ. ಇಲಿಯ ಅಂಗಾಂಶವನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿದರೂ ಹೆಚ್ಚುವರಿ ಬೆರಳು ಬರುತ್ತವೆ, ಆದರೆ ಬರುವುದು ಕೋಳಿಯ ಬೆರಳು! ಸಂಕೇತ ಯಾರದ್ದೇ ಇರಲಿ, ಅದನ್ನು ಅರ್ಥ ಮಾಡಿಕೊಳ್ಳುವ ಕೋಶಗಳು ತಮಗೆ ಗೊತ್ತಿರುವುದನ್ನೇ ಕಟ್ಟುತ್ತವೆ.

ಆ ಸಂಕೇತ ಯಾವುದೆಂದು ಹಾರ್ವರ್ಡ್‌ನ ಕ್ಲಿಫ್ ಟ್ಯಾಬಿನ್ ತಂಡ 1993ರಲ್ಲಿ ತೋರಿಸಿತು. ಸೋನಿಕ್ ಹೆಜ್‌ಹಾಗ್ ಎಂಬ ಜೀನ್ ಅದು, ವಿಡಿಯೋ ಗೇಮ್ ಪಾತ್ರವೊಂದರ ಹೆಸರು. ಉಬ್ಬಿನ ಹಿಂಬದಿಯ ಕೋಶಗಳಲ್ಲಿ ಮಾತ್ರ ಅದು ಚಾಲೂ ಆಗುತ್ತದೆ. ಅಲ್ಲಿ ತಯಾರಾದ ಪ್ರೋಟೀನ್ ಒಲೆಯ ಶಾಖದಂತೆ ಹತ್ತಿರದ ಕೋಶಗಳಿಗೆ ಹೆಚ್ಚು, ದೂರದವಕ್ಕೆ ಕಡಿಮೆ ಮುಟ್ಟುತ್ತದೆ. ಎಷ್ಟು ಮುಟ್ಟಿತು, ಎಷ್ಟು ಹೊತ್ತು ಮುಟ್ಟಿತು ಎಂಬುದರ ಮೇಲೆ ಯಾವ ಬೆರಳು ಎಂದು ನಿರ್ಧಾರವಾಗುತ್ತದೆ. ತುದಿಯ ಅಂಚನ್ನು ಜೀವಂತವಾಗಿ ಉಳಿಸುವುದೂ ಇದೇ ಪ್ರೋಟೀನಿನ ಕೆಲಸ. ಅಂಚಿನ ಎಫ್‌ಜಿಎಫ್ ಮರಳಿ ಸೋನಿಕ್ ಹೆಜ್‌ಹಾಗ್ ಆರದಂತೆ ನೋಡಿಕೊಳ್ಳುತ್ತದೆ. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ.

ಇದರಂತೆಯೇ ಮುಂಗಾಲಿನ ಉಬ್ಬಿನಲ್ಲಿ ಟಿಬಿಎಕ್ಸ್5, ಹಿಂಗಾಲಿನಲ್ಲಿ ಟಿಬಿಎಕ್ಸ್4 ಮತ್ತು ಪಿಟ್ಎಕ್ಸ್1 ಜೀನ್‌ಗಳು ದುಡಿಯುತ್ತವೆ. ಬೆರಳುಗಳ ನಡುವಿನ ಕೋಶಗಳಿಗೆ ಸಾಯುವ ಆದೇಶವೂ ಹೊರಡುತ್ತದೆ. ಬಾತುಕೋಳಿಯ ಪಾದದಲ್ಲಿ ಆ ಆದೇಶಕ್ಕೆ ತಡೆ ಬೀಳುವುದರಿಂದ ಬೆರಳುಗಳ ನಡುವೆ ಪೊರೆ ಉಳಿಯುತ್ತದೆ.

ಈಗ ಹಾವಿನ ಕಡೆ ಬರೋಣ. ಹೆಬ್ಬಾವಿನ ಬಾಲದ ಬುಡದಲ್ಲಿ ಎರಡು ಪುಟ್ಟ ಮುಳ್ಳುಗುರುಗಳಿವೆ, ಹಿಂಗಾಲುಗಳ ಅವಶೇಷ. ಅದರ ಭ್ರೂಣದಲ್ಲಿ ಕಾಲಿನ ಉಬ್ಬು ಏಳುತ್ತದೆ, ಸೋನಿಕ್ ಹೆಜ್‌ಹಾಗ್ ಕ್ಷೀಣವಾಗಿ ಚಾಲೂ ಆಗಿ ಬೇಗನೆ ಆರಿಹೋಗುತ್ತದೆ. ಜೀನ್ ಕೆಟ್ಟಿಲ್ಲ. ಮಿದುಳು, ಬೆನ್ನುಹುರಿ ರೂಪಿಸಲು ಅದು ಬೇಕೇ ಬೇಕು, ಕೆಟ್ಟಿದ್ದರೆ ಹಾವೇ ಇರುತ್ತಿರಲಿಲ್ಲ. ಕೆಟ್ಟಿರುವುದು ಕೈಕಾಲುಗಳಲ್ಲಿ ಮಾತ್ರ ಅದನ್ನು ಚಾಲೂ ಮಾಡುವ ಸ್ವಿಚ್. ಝಡ್ಆರ್‌ಎಸ್ ಎಂದು ಕರೆಯುವ ಈ ಡಿಎನ್‌ಎ ತುಣುಕು ನಮ್ಮಲ್ಲಿ ಜೀನ್‌ನಿಂದ ಸುಮಾರು 10 ಲಕ್ಷ ಅಕ್ಷರಗಳಷ್ಟು (ಡಿಎನ್‌ಎ ಎಳೆಯ ಒಂದೊಂದು ರಾಸಾಯನಿಕ ಕೊಂಡಿಯೂ ಒಂದು ಅಕ್ಷರ) ದೂರದಲ್ಲಿದೆ, ಬೇರೊಂದು ಜೀನ್‌ನ ಒಳಗೆ! ಡಿಎನ್‌ಎ ಎಳೆ ಮಡಚಿಕೊಂಡಾಗ ಎರಡೂ ಹತ್ತಿರ ಬರುತ್ತವೆ.

2016ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಇಲಿಯ ಈ ಸ್ವಿಚ್ ತೆಗೆದು ಆ ಜಾಗಕ್ಕೆ ಬೇರೆ ಪ್ರಾಣಿಗಳದನ್ನು ಸೇರಿಸಿದರು. ಮನುಷ್ಯರ ಸ್ವಿಚ್ ಹಾಕಿದಾಗ ಇಲಿಗೆ ಸರಿಯಾದ ಕಾಲುಗಳೇ ಬಂದವು. ಸೀಲಕಾಂತ್ ಎಂಬ ಪುರಾತನ ಮೀನಿನದನ್ನು ಹಾಕಿದಾಗಲೂ ಅಷ್ಟೇ. ಹೆಬ್ಬಾವಿನದನ್ನು ಹಾಕಿದಾಗ ಕಾಲುಗಳು ಮೋಟಾದವು. ಹಾವಿನ ಸ್ವಿಚ್‌ನಲ್ಲಿ 17 ಅಕ್ಷರಗಳು ಅಳಿಸಿಹೋಗಿದ್ದವು. ಅವನ್ನು ತುಂಬಿದಾಗ ಇಲಿಗೆ ಮತ್ತೆ ಕಾಲು ಬಂತು. ಮೀನಿನಿಂದ ಮನುಷ್ಯರವರೆಗೆ 40 ಕೋಟಿ ವರ್ಷ ಕೆಡದೆ ಉಳಿದ ಸ್ವಿಚ್ ಹಾವುಗಳಲ್ಲಿ ಸವೆದುಹೋಯಿತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲಾಗದು.

ಇದೇ ತುಣುಕಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸೋನಿಕ್ ಹೆಜ್‌ಹಾಗ್ ಉಬ್ಬಿನ ಮುಂಬದಿಯಲ್ಲೂ ಚಾಲೂ ಆಗಿ, ಮಗುವಿನ ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳು ಬರಬಹುದು. ಕಿರುಬೆರಳಿನ ಕಡೆಯ ಹೆಚ್ಚುವರಿ ಬೆರಳಿಗೆ ಬಹುಮಟ್ಟಿಗೆ ಬೇರೆ ಜೀನ್‌ಗಳು ಕಾರಣ. ಯಾವುದಕ್ಕೂ ಗ್ರಹಣ ಕಾರಣವಲ್ಲ. ಆದರೂ ಗ್ರಹಣದ ದಿನ ಬಸುರಿಯನ್ನು ಕೋಣೆಯಲ್ಲಿ ಕೂಡಿಹಾಕುವ, ಮಗುವಿನ ಅಂಗದಲ್ಲಿ ಊನ ಕಂಡರೆ ತಾಯಿಯನ್ನು ದೂರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ದೂರು ಕ್ರೂರವಾದದ್ದು, ಅದು ನಿಲ್ಲಬೇಕು.

ನಿಜವಾದ ಅಪಾಯ ಎಲ್ಲಿದೆ ಎಂದು ಥಾಲಿಡೊಮೈಡ್ ತೋರಿಸಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು 1961ರಲ್ಲಿ ಹಿಂತೆಗೆಯಲಾದ ಈ ಮಾತ್ರೆಯನ್ನು ಗರ್ಭಿಣಿಯರ ವಾಕರಿಕೆಗೂ ಕೊಡುತ್ತಿದ್ದರು. ಸಾವಿರಾರು ಮಕ್ಕಳು ಮೊಂಡು ಕೈಕಾಲುಗಳೊಂದಿಗೆ ಹುಟ್ಟಿದರು. ಕೈಕಾಲಿನ ಬೆಳವಣಿಗೆಗೆ ಬೇಕಾದ ಎಸ್ಎಎಲ್ಎಲ್4 ಎಂಬ ಪ್ರೋಟೀನನ್ನು ಅದು ನಾಶಗೊಳಿಸುತ್ತದೆ ಎಂದು 2018ರಲ್ಲಿ ತಿಳಿಯಿತು. ಕೈಕಾಲು ರೂಪುಗೊಳ್ಳುವ ಆ ಕೆಲವೇ ವಾರಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದೇ ಖಚಿತವಾಗಿರುವುದಿಲ್ಲ. ಮುಟ್ಟು ತಪ್ಪಿದ್ದರೆ, ಅಥವಾ ಮಗುವಿನ ಯೋಚನೆಯಲ್ಲಿದ್ದರೆ, ಯಾವುದೇ ಮಾತ್ರೆ ನುಂಗುವ ಮೊದಲು ಅದನ್ನು ವೈದ್ಯರಿಗೆ ತಿಳಿಸಿ.