ಯುದ್ಧಭೂಮಿಯ ಹೆರಾಯಿನ್ ಊರಿಗೆ ಬಂತೇ?

ಪ್ರಶ್ನೆ: ವಿಯೆಟ್ನಾಂನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕನ್ ಸೈನಿಕರು ಊರಿಗೆ ಮರಳಿದ ಮೇಲೆ ಅದನ್ನು ಬಿಟ್ಟರಂತೆ, ನಿಜವೇ?

ಉತ್ತರ: ಬಹುಪಾಲು ನಿಜ. ಆಗ ಅಲ್ಲಿ ಹೆರಾಯಿನ್ ಅಗ್ಗ, ಬಲು ಶುದ್ಧ. ಸಿಗರೇಟಿನ ತಂಬಾಕನ್ನು ಉದುರಿಸಿ, ಪುಡಿ ಬೆರೆಸಿ ಸೇದಿದರೆ ಸಾಕು, ಸೂಜಿಯೂ ಬೇಡ. 1971ರಲ್ಲಿ ಗಾಬರಿಬಿದ್ದ ನಿಕ್ಸನ್ ಸರ್ಕಾರ, ಮರಳುವ ಸೈನಿಕರ ಮೂತ್ರ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಹಾಗೆ ಮರಳಿದವರನ್ನು ಸಮಾಜವಿಜ್ಞಾನಿ ಲೀ ರಾಬಿನ್ಸ್ ಅಧ್ಯಯನ ಮಾಡಿದರು. ಸುಮಾರು ಐವರಲ್ಲಿ ಒಬ್ಬ ಅಲ್ಲಿ ಚಟಕ್ಕೆ ಬಿದ್ದಿದ್ದ. ಅಂಥವರಲ್ಲಿ ಮೊದಲ ವರ್ಷದೊಳಗೆ ಮತ್ತೆ ಚಟಕ್ಕೆ ಮರಳಿದವರು ಶೇ. 5ರಷ್ಟು ಮಾತ್ರ. ಸುಳ್ಳು ಹೇಳಿರಬಹುದಲ್ಲ ಎಂದರೆ, ಸಂದರ್ಶನದ ವೇಳೆಯೂ ಮೂತ್ರ ಪರೀಕ್ಷೆ ನಡೆದಿತ್ತು. ಒಮ್ಮೆ ಅಂಟಿದ ಹೆರಾಯಿನ್ ಸಾಯುವವರೆಗೂ ಬಿಡದು ಎಂಬ ಅಂದಿನ ನಂಬಿಕೆ ಇಲ್ಲಿ ಅಲುಗಾಡಿತು. ಚಟ ಹಿಡಿಸಿದ್ದು ವಸ್ತುವೊಂದೇ ಅಲ್ಲ. ಸುಲಭವಾಗಿ ಸಿಗುವ ಮಾಲು, ಬೇಸರ, ಭಯ, ಜೊತೆಗಾರರು ಎಲ್ಲವೂ ಸೇರಿದ ಆ ಜಾಗವೂ ಹೌದು.

ಹಾಗಾದರೆ ಊರು ಸೇರಿದರೆ ಎಲ್ಲ ವಾಸಿಯೇ? ಈ ಅಧ್ಯಯನವನ್ನು ಹಾಗೆ ಓದುವವರು ಅರ್ಧ ಮಾತ್ರ ಓದಿದ್ದಾರೆ (ಅಂಥವರೇ ಹೆಚ್ಚು!). ಹೆರಾಯಿನ್ ಅಲ್ಲೇ ಉಳಿಯಿತು, ಆಘಾತ ಜೊತೆಗೇ ಬಂತು. ಬೆಚ್ಚಿಬೀಳಿಸುವ ಕನಸು, ಸಣ್ಣ ಸದ್ದಿಗೂ ಸಿಡುಕು, ಮರೆಯಲೆಂದು ಕುಡಿತ: ಇವಕ್ಕೆ ಜಾಗ ಬದಲಾಯಿಸಿದರೆ ಸಾಲದು. 1980ರ ದಶಕದ ರಾಷ್ಟ್ರೀಯ ಸಮೀಕ್ಷೆಯಲ್ಲೂ ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ ಪುರುಷರಲ್ಲಿ ಶೇ. 15ರಷ್ಟು ಮಂದಿ ಆಘಾತೋತ್ತರ ಒತ್ತಡದಿಂದ ನರಳುತ್ತಿದ್ದರು. ಮೂತ್ರ ಪರೀಕ್ಷೆ 1971ರಲ್ಲೇ ಬಂದಿತ್ತು. ಆದರೆ ಆಘಾತೋತ್ತರ ಒತ್ತಡ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ.