ಕೊರತೆಗೂ ಉಂಟು ಬೆಲೆ: ಗಣಿತದ ‘ನೆರಳು’ ಲೆಕ್ಕ

ಒಂದೇ ದೇಶ, ಒಂದೇ ಗಂಟೆ. ಆದರೆ ವಿದ್ಯುತ್ತಿಗೆ ಎರಡು ಬೆಲೆ. 2008ರಲ್ಲಿ ದೇಶದಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ಆರಂಭವಾದ ನಂತರದ ವರ್ಷಗಳಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳು ಉಳಿದ ಭಾಗಗಳಿಗಿಂತ ಹೆಚ್ಚು ಬೆಲೆ ತೆರಬೇಕಾದ ಸಂದರ್ಭಗಳು ಪದೇ ಪದೇ ಎದುರಾದವು. ಬೇರೆಡೆ ಅಗ್ಗದ ವಿದ್ಯುತ್ ಲಭ್ಯವಿದ್ದರೂ ಅದನ್ನು ದಕ್ಷಿಣಕ್ಕೆ ತರುವ ಪ್ರಸರಣ ಮಾರ್ಗಗಳ ಸಾಮರ್ಥ್ಯ ಸಾಲದಾಗಿತ್ತು. ಎರಡು ಬೆಲೆಗಳ ನಡುವಿನ ಆ ಅಂತರವನ್ನು ಗಣಿತಜ್ಞರು ಪ್ರಸರಣ ಮಾರ್ಗದ ‘ನೆರಳು ಬೆಲೆ’ ಎನ್ನುತ್ತಾರೆ. ಇದರ ಹಿಂದಿರುವುದು ಡ್ಯುಯಾಲಿಟಿ ಸಿದ್ಧಾಂತ.

ಏನಿದು ನೆರಳು ಬೆಲೆ?

ಪೀಠೋಪಕರಣ ತಯಾರಿಸುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಕುರ್ಚಿಯೊಂದಕ್ಕೆ ಲಾಭ 300 ರೂ., ಮೇಜಿಗೆ 500 ರೂ. ಕುರ್ಚಿಗೆ ಒಂದು ಹಲಗೆ, ಒಂದು ದಿನದ ಕೆಲಸ ಬೇಕು. ಮೇಜಿಗೆ ಎರಡು ಹಲಗೆ, ಒಂದು ದಿನದ ಕೆಲಸ. ಎರಡಕ್ಕೂ ತಲಾ ಅರ್ಧ ಲೀಟರ್ ವಾರ್ನಿಷ್. ಕೈಯಲ್ಲಿರುವುದು 80 ಹಲಗೆ, 50 ದಿನಗಳ ಕೆಲಸ ಮತ್ತು 30 ಲೀಟರ್ ವಾರ್ನಿಷ್. 20 ಕುರ್ಚಿ, 30 ಮೇಜು ತಯಾರಿಸಿದರೆ ಲಾಭ 21,000 ರೂ. ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ ಎಂದು ಖಚಿತವಾಗಿ ಹೇಳುವುದು ಹೇಗೆ?

ಇಲ್ಲಿಯೇ ಸಮಸ್ಯೆಯ ‘ಜೋಡಿ’ ನೆರವಿಗೆ ಬರುತ್ತದೆ. ಹೊರಗಿನವನೊಬ್ಬ ಈ ಸಾಮಗ್ರಿಯನ್ನೆಲ್ಲ ಕೊಳ್ಳಲು ಬಂದನೆನ್ನಿ. ಒಂದು ಕುರ್ಚಿಗೆ ತಗಲುವ ಸಾಮಗ್ರಿಗೆ ಆತ ಕನಿಷ್ಠ 300 ರೂ., ಮೇಜಿನ ಸಾಮಗ್ರಿಗೆ ಕನಿಷ್ಠ 500 ರೂ. ಕೊಡಲೇಬೇಕು, ಇಲ್ಲವಾದರೆ ಮಾಲೀಕ ಒಪ್ಪಲಾರ. ಈ ಷರತ್ತಿಗೆ ಒಳಪಟ್ಟು ಒಟ್ಟು ವೆಚ್ಚವನ್ನು ಆತ ಎಷ್ಟು ತಗ್ಗಿಸಬಲ್ಲ? ಹಲಗೆಗೆ 200, ದಿನದ ಕೆಲಸಕ್ಕೆ 100, ವಾರ್ನಿಷ್‌ಗೆ ಸೊನ್ನೆ ಎಂದು ಬೆಲೆ ಕಟ್ಟಿದರೆ ಒಟ್ಟು ಮೊತ್ತ 16,000 ಮತ್ತು 5,000 ಸೇರಿ ಅದೇ 21,000 ರೂ.!

ಇದು ಕಾಕತಾಳೀಯವಲ್ಲ. ಷರತ್ತಿಗೆ ಒಪ್ಪುವ ಯಾವುದೇ ಕೊಳ್ಳುವ ಬೆಲೆಯು ಮಾಲೀಕನ ಯಾವುದೇ ಯೋಜನೆಯ ಲಾಭಕ್ಕಿಂತ ಕಡಿಮೆಯಾಗಲಾರದು. ಆದ್ದರಿಂದ ಎರಡೂ ಮೊತ್ತಗಳು ಸಮವಾದ ಕ್ಷಣದಲ್ಲಿ ಎರಡೂ ಅತ್ಯುತ್ತಮವೆಂದು ಸಾಬೀತಾದಂತೆಯೇ. ಉಳಿದ ಯೋಜನೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಅಗತ್ಯವಿಲ್ಲ.

ಈ ಬೆಲೆಗಳಿಗೆ ಇನ್ನೊಂದು ಅರ್ಥವೂ ಇದೆ. ಒಂದು ಹಲಗೆ ಹೆಚ್ಚು ದೊರೆತರೆ 19 ಕುರ್ಚಿ, 31 ಮೇಜು ಮಾಡಬಹುದು. ಲಾಭ 21,200 ರೂ. ಅಂದರೆ ಏರಿಕೆ ಸರಿಯಾಗಿ 200 ರೂ. ವಾರ್ನಿಷ್ 5 ಲೀಟರ್ ಮಿಕ್ಕಿರುವುದರಿಂದ ಹೆಚ್ಚುವರಿ ಲೀಟರಿಗೆ ಬೆಲೆಯಿಲ್ಲ. ಮಿಕ್ಕಿದ್ದಕ್ಕೆ ಬೆಲೆಯಿಲ್ಲ, ಬೆಲೆಯಿದ್ದದ್ದು ಮಿಗುವುದಿಲ್ಲ ಎಂಬುದು ಸಿದ್ಧಾಂತದ ಪ್ರಮುಖ ನಿಯಮ.

ಯುದ್ಧ, ಯೋಜನೆ, ನೊಬೆಲ್

ಸೋವಿಯತ್ ಒಕ್ಕೂಟದ ಲಿಯೊನಿದ್ ಕಾಂಟೊರೊವಿಚ್ ಪ್ಲೈವುಡ್ ಉದ್ಯಮದ ಸಮಸ್ಯೆಯೊಂದನ್ನು ಬಿಡಿಸುತ್ತಾ 1939ರಲ್ಲೇ ಇಂಥ ಬೆಲೆಗಳನ್ನು ಗುರುತಿಸಿದ್ದರು. ವಸ್ತುವಿನ ಮೌಲ್ಯಕ್ಕೆ ಶ್ರಮವೇ ಮೂಲ ಎಂಬ ನಂಬಿಕೆಯ ಆಡಳಿತದಲ್ಲಿ, ಕೊರತೆಗೂ ಬೆಲೆಯಿದೆ ಎಂಬ ಮಾತು ಸುಲಭವಾಗಿ ಜೀರ್ಣವಾಗುವಂಥದಾಗಿರಲಿಲ್ಲ. 1942ರಲ್ಲಿ ಅವರು ಬರೆದ ಗ್ರಂಥ ಬೆಳಕು ಕಂಡದ್ದು 1959ರಲ್ಲಿ. 1975ರಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಜತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಅಮೆರಿಕದಲ್ಲಿ ವಾಯುಪಡೆಯ ಯೋಜನಾ ಕಾರ್ಯದಲ್ಲಿ ತೊಡಗಿದ್ದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ರೂಪಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಜಾನ್ ವಾನ್ ನಾಯ್ಮನ್ ಅವರನ್ನು ಭೇಟಿಯಾದಾಗ, ಆಟದ ಸಿದ್ಧಾಂತದ ಅನುಭವವಿದ್ದ ನಾಯ್ಮನ್ ಡ್ಯುಯಾಲಿಟಿಯ ಸ್ವರೂಪವನ್ನು ವಿವರಿಸಿದರು.

ಬೇಲಿ ಹಾಕಿದ ಗುಡ್ಡ

ಲಾಭ–ವೆಚ್ಚಗಳು ಸರಳ ರೇಖೆಯಲ್ಲಿ ಸಾಗದಿದ್ದರೆ? ಬೇಲಿ ಹಾಕಿದ ಗುಡ್ಡವನ್ನು ಏರುತ್ತಿರುವವನನ್ನು ನೆನೆಯಿರಿ. ಬೇಲಿಯೊಳಗೆ ಯಾವ ದಿಕ್ಕಿಗೆ ಕಾಲಿಟ್ಟರೂ ಮೇಲೇರಲಾಗದು ಎಂಬಲ್ಲಿ ಆತ ನಿಲ್ಲುತ್ತಾನೆ. ಅಲ್ಲಿ ಗುಡ್ಡದ ಸೆಳೆತ ಹಾಗೂ ಬೇಲಿಯ ತಡೆ ಸಮತೂಗುತ್ತವೆ. ಆ ತಡೆಯ ಅಳತೆಯೇ ನೆರಳು ಬೆಲೆ. ಈ ಷರತ್ತುಗಳನ್ನು ಹೆರಾಲ್ಡ್ ಕುನ್ ಮತ್ತು ಆಲ್ಬರ್ಟ್ ಟಕರ್ 1951ರಲ್ಲಿ ಪ್ರಕಟಿಸಿದರು. ವಿಲಿಯಂ ಕರೂಷ್ ಎಂಬ ವಿದ್ಯಾರ್ಥಿ 1939ರಲ್ಲೇ ಷಿಕಾಗೋ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರಬಂಧದಲ್ಲಿ ಇದನ್ನು ನಿರೂಪಿಸಿದ್ದು ಬಹುಕಾಲದ ಬಳಿಕ ಬೆಳಕಿಗೆ ಬಂತು. ಈಗ ಮೂವರ ಹೆಸರೂ ಸೇರಿ ‘ಕೆಕೆಟಿ ಷರತ್ತು’ ಎಂದೇ ಪ್ರಸಿದ್ಧ. ಆದರೆ ಗುಡ್ಡಗಳು ಹಲವಿದ್ದರೆ ಈ ಷರತ್ತು ಚಿಕ್ಕ ಗುಡ್ಡದ ತುದಿಯಲ್ಲೂ ಈಡೇರಬಹುದು. ಅದೇ ಅತಿ ಎತ್ತರದ ಶಿಖರ ಎಂಬ ಭರವಸೆಯಿಲ್ಲ.

ಬೆಲೆಗೂ ಮಿತಿ

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಬೆಸೆಯಿತು. ದಟ್ಟಣೆ ಒಂದೇ ಏಟಿಗೆ ಕರಗಲಿಲ್ಲ. ಮಾರ್ಗಗಳು ಹೆಚ್ಚಿದಂತೆ ಬೆಲೆಯ ಅಂತರ ತಗ್ಗುತ್ತಾ ಬಂತು. ಸಿದ್ಧಾಂತ ಹೇಳುವುದೂ ಇದನ್ನೇ. ಮೇಲಿನ ಕಾರ್ಖಾನೆಯಲ್ಲಿ ಹಲಗೆ 100 ದಾಟಿದರೆ ಕೆಲಸದ ದಿನಗಳೇ ಸಾಲವು; ಆಗ ಹಲಗೆಯ ನೆರಳು ಬೆಲೆ ಸೊನ್ನೆ.

ಆದ್ದರಿಂದ ಹೊಸ ಮಾರ್ಗಕ್ಕೆ ಹಣ ಹೂಡುವ ಮುನ್ನ ಇಂದಿನ ಅಂತರವನ್ನಷ್ಟೇ ನೋಡಿದರೆ ಸಾಲದು, ಮಾರ್ಗ ಬಂದ ಮೇಲೆ ಉಳಿಯುವ ಅಂತರವನ್ನೂ ಲೆಕ್ಕ ಹಾಕಬೇಕು. ಯಾವ ಕೊರತೆ ನೀಗಿದರೆ ಎಷ್ಟು ಲಾಭ ಎಂಬುದನ್ನು ಗಣಿತ ತಿಳಿಸಬಲ್ಲದು. ಆ ವೆಚ್ಚವನ್ನು ಯಾರು ಭರಿಸಬೇಕೆಂಬ ತೀರ್ಮಾನ ಮಾತ್ರ ಆಳುವವರದು.