ನಿಮಗಿದು ಗೊತ್ತೇ? ಟೈರಿನ ಪಕ್ಕೆಯ ಮೇಲಿನ ಸಣ್ಣಕ್ಷರ

◆ ಹೊಲದ ಬದುವಿನಲ್ಲಿ ನೆಗ್ಗಿಲು ಮುಳ್ಳು ತುಳಿದವರು ಅದನ್ನು ಸುಲಭಕ್ಕೆ ಮರೆಯುವುದಿಲ್ಲ. ಅಮೆರಿಕದ ಐಡಹೊ, ಕೊಲೊರಾಡೊ ಸೀಮೆಯ ಸೈಕಲ್ ಸವಾರರನ್ನು ಅಳಿಸುವುದೂ ಇದೇ ಗಿಡ. ನಮ್ಮ ಕಡೆಯ ಖಂಡಗಳಿಂದ ಅಲ್ಲಿಗೆ ಹೋಗಿ ಕಳೆಯಾಗಿ ಬೇರೂರಿದೆ. ಕಾಯಿ ಒಣಗಿ ಒಡೆದಾಗ ಸಿಗುವ ಒಂದೊಂದು ತುಂಡಿಗೂ ಎರಡೆರಡು ಕೊಂಬು. ಅದಕ್ಕೇ ಅಲ್ಲಿನವರು ಇಟ್ಟ ಹೆಸರು 'ಆಡಿನ ತಲೆ'. 'ಪಂಕ್ಚರ್ ಬಳ್ಳಿ' ಅಂತಲೂ ಕರೆಯುತ್ತಾರೆ. ಇತ್ತ ನಮ್ಮ ಬಯಲುಸೀಮೆಯ ಕಾಲುದಾರಿಗಳಲ್ಲಿ ಟ್ಯೂಬು ಚುಚ್ಚುವ ಬಳ್ಳಾರಿ ಜಾಲಿ, ಹೆಸರಿನಲ್ಲಿ ಬಳ್ಳಾರಿಯನ್ನು ಹೊತ್ತಿದ್ದರೂ, ಅಮೆರಿಕ ಖಂಡದಿಂದ ಬಂದದ್ದು. ಎರಡೂ ಕಡೆಯ ಸವಾರರು ಪರಸ್ಪರರ ಮುಳ್ಳನ್ನು ಟೈರಿನಿಂದ ಕೀಳುತ್ತಿದ್ದಾರೆ.

◆ ಮೌಂಟನ್ ಬೈಕಿನ ಟ್ಯೂಬ್‌ಲೆಸ್ ಟೈರಿನೊಳಗೆ ಸುರಿಯುವ ಸೀಲೆಂಟ್‌ಗಳಲ್ಲಿ ಹೆಚ್ಚಿನವಕ್ಕೆ ಮೂಲ ರಬ್ಬರ್ ಹಾಲೇ. ಮರದ ತೊಗಟೆಗೆ ಗಾಯವಾದರೆ ಹಾಲು ಒಸರಿ, ಹೆಪ್ಪುಗಟ್ಟಿ, ಗಾಯ ಮುಚ್ಚುತ್ತದೆ. ಸುಳ್ಯ, ಪುತ್ತೂರು ಕಡೆ ನಸುಕಿನಲ್ಲಿ ಎದ್ದು ಟ್ಯಾಪಿಂಗ್‌ಗೆ ಹೋಗುವವರು ದಿನವೂ ಕಾಣುವ ದೃಶ್ಯ ಇದು. ಟೈರಿನಲ್ಲಿಯೂ ನಡೆಯುವುದು ಅದೇ. ಮುಳ್ಳು ಚುಚ್ಚಿದ ತೂತಿನಿಂದ ಗಾಳಿ ನುಗ್ಗುವಾಗ ಹಾಲನ್ನೂ ಎಳೆದೊಯ್ಯುತ್ತದೆ, ಹಾಲಿನಲ್ಲಿ ಬೆರೆಸಿದ ಸಣ್ಣ ಪುಡಿ ತೂತಿಗೆ ಅಡ್ಡ ನಿಲ್ಲುತ್ತದೆ, ಅದರ ಸುತ್ತ ರಬ್ಬರ್ ಹೆಪ್ಪುಗಟ್ಟುತ್ತದೆ. ಕೆಲವು ಸೀಲೆಂಟ್ ಬಾಟಲಿಗಳ ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವ ಘಾಟು ಅಮೋನಿಯಾದ್ದು. ಹಾಲು ಬಾಟಲಿಯಲ್ಲೇ ಗಟ್ಟಿಯಾಗದಿರಲಿ ಎಂದು ಬೆರೆಸಿರುತ್ತಾರೆ.

◆ ಹಾಗಾದರೆ ಕಾರಿನ ಟ್ಯೂಬ್‌ಲೆಸ್ ಟೈರಿಗೆ ಈ ಹಾಲು ಯಾಕೆ ಬೇಡ? ಅದರ ಒಳಮೈಗೆ ಬ್ಯುಟೈಲ್ ಜಾತಿಯ ರಬ್ಬರಿನ ದಪ್ಪ ಪದರ ಇರುತ್ತದೆ, ಗಾಳಿ ಸುಲಭಕ್ಕೆ ತೂರುವುದಿಲ್ಲ. 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ ಮಿಶೆಲಿನ್ ಮತ್ತು ಹಚಿನ್ಸನ್ ಜೊತೆ ಸೇರಿ ತಂದ ಯುಎಸ್‌ಟಿ ಪದ್ಧತಿ ಇದೇ ದಾರಿ ಹಿಡಿದಿತ್ತು. ಟೈರಿನೊಳಗೆ ಗಾಳಿ ಬಿಡದ ಪದರ, ಒಳಮೈಯಲ್ಲಿ ಕಡ್ಡಿಯ ತೂತುಗಳೇ ಇಲ್ಲದ ರಿಮ್. ಗಾಳಿಯೇನೋ ಗಟ್ಟಿಯಾಗಿ ನಿಂತಿತು. ಆದರೆ ತೂಕ ಹೆಚ್ಚು, ಬೆಲೆ ಇನ್ನೂ ಹೆಚ್ಚು.

◆ ಬೆಲೆ ಇಳಿದದ್ದು ದ್ರವದಿಂದ. 2001ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಸ್ಟಾನ್ ಕೊಜಿಯಾಟೆಕ್ 'ನೋಟ್ಯೂಬ್ಸ್' ಹೆಸರಿನಲ್ಲಿ ಸೀಲೆಂಟ್, ಟೇಪು, ವಾಲ್ವ್ ಮಾರಲು ತೊಡಗಿದರು. ಗಾಳಿ ಹಿಡಿಯುವ ಕೆಲಸವನ್ನು ದಪ್ಪ ರಬ್ಬರಿನಿಂದ ಕಿತ್ತು ಹಾಲಿಗೆ ಒಪ್ಪಿಸಿದ್ದರಿಂದ ಟೈರು ತೆಳುವಾಯಿತು. ಇಂದು ನಾವು 'ಟ್ಯೂಬ್‌ಲೆಸ್ ರೆಡಿ' ಎಂದು ಕೊಳ್ಳುವುದು ಈ ಬಗೆಯ ಟೈರನ್ನು. 'ರೆಡಿ' ಎಂದರೆ ಅಂಚು ಸಿದ್ಧವಿದೆ, ಮೈ ಸಿದ್ಧವಿದೆ, ಹಾಲು ಮಾತ್ರ ನೀವೇ ಹಾಕಬೇಕು ಅಂತ. ಹಾಲಿಲ್ಲದೆ ಗಾಳಿ ನಿಲ್ಲಲಿಲ್ಲವೆಂದು ಟೈರನ್ನು ದೂರಬಾರದು.

◆ 'ಟ್ಯೂಬ್‌ಲೆಸ್ ರೆಡಿ' ಎಂಬ ಒಂದೇ ಮಾತನ್ನು ಒಂದೊಂದು ಕಂಪನಿ ಒಂದೊಂದು ರೀತಿ ಬರೆಯುತ್ತದೆ. ಮ್ಯಾಕ್ಸಿಸ್ ಟೈರಿನ ಪಕ್ಕೆಯಲ್ಲಿ 'ಟಿಆರ್', ಶ್ವಾಲ್ಬೆಯಲ್ಲಿ 'ಟಿಎಲ್ಇ' ಅಥವಾ 'ಟಿಎಲ್ಆರ್', ಡಬ್ಲ್ಯುಟಿಬಿಯಲ್ಲಿ 'ಟಿಸಿಎಸ್', ವಿಟ್ಟೋರಿಯಾದ ಹಳೆಯ ಟೈರುಗಳಲ್ಲಿ 'ಟಿಎನ್‌ಟಿ', ಸ್ಪೆಷಲೈಸ್ಡ್‌ನಲ್ಲಿ 'ಟು ಬ್ಲಿಸ್ ರೆಡಿ'. ಅಂಗಡಿಯಲ್ಲಿ ಮೊದಲು ಹುಡುಕಬೇಕಾದದ್ದು ಈ ಅಕ್ಷರ. ಬೆಲೆ ಚೀಟಿಯನ್ನು ಆಮೇಲೆ ನೋಡಿ.

◆ ಅಗ್ಗದ ಟೈರು ಕೊಳ್ಳುವವರು ಹೆಚ್ಚು ಮೋಸಹೋಗುವುದು ಇಲ್ಲೇ. ಒಂದೇ ಹೆಸರು, ಒಂದೇ ಗ್ರಿಪ್ ವಿನ್ಯಾಸ, ಒಳಗೆ ಬೇರೆ ಬೇರೆ ಸರಕು. ಮ್ಯಾಕ್ಸಿಸ್‌ನ ಆರ್ಡೆಂಟ್ ಎಂಬ ಟೈರು ಉಕ್ಕಿನ ತಂತಿಯ ಅಂಚಿನಲ್ಲೂ ಬಂದಿದೆ, ಮಡಚಬಲ್ಲ ಅಂಚಿನ 'ಟಿಆರ್' ರೂಪದಲ್ಲೂ ಬಂದಿದೆ. ದೂರದಿಂದ ನೋಡಿದರೆ ಅಣ್ಣ ತಮ್ಮ. ತಂತಿಯದು ಕಡಿಮೆ ಬೆಲೆಗೆ ಸಿಕ್ಕಿತೆಂದು ಖುಷಿಯಿಂದ ತಂದು, ರಿಮ್ಮಿಗೆ ಟೇಪು ಸುತ್ತಿ, ಹಾಲು ಸುರಿದು, ರಾತ್ರಿಯೆಲ್ಲ ಪಕ್ಕೆಯಿಂದ ಬೆವರಿನಂತೆ ಹಾಲು ಒಸರುವುದನ್ನು ನೋಡುತ್ತ ಕೂತವನು ನಾನು. ಮರುವಾರ ಸರಿಯಾದ ಟೈರು ಕೊಂಡೆ. ಎರಡೂ ಸೇರಿದಾಗ ಅದು ಅಗ್ಗವಾಗಿರಲಿಲ್ಲ. ಒಸರುವುದು ಒಂದು ಕಷ್ಟ. ಟ್ಯೂಬಿಗೆಂದೇ ಮಾಡಿದ ಟೈರಿನ ಅಂಚು ಇಳಿಜಾರಿನ ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಂಡರೆ ಅದು ಜೀವಕ್ಕೇ ಅಪಾಯ. ಈ ಒಂದು ವಿಷಯದಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

◆ ನಿಜವಾದ ಉಳಿತಾಯ ಸಿಗುವುದು ಟ್ಯೂಬ್‌ಲೆಸ್ ರೆಡಿ ಟೈರುಗಳಲ್ಲೇ ಕೆಳಗಿನ ದರ್ಜೆಯನ್ನು ಆರಿಸಿದಾಗ. ಕಾಂಟಿನೆಂಟಲ್‌ನ ರೇಸ್ ಕಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. 'ಪ್ರೊಟೆಕ್ಷನ್' ದರ್ಜೆಯಲ್ಲಿ 'ಬ್ಲ್ಯಾಕ್‌ಚಿಲಿ' ರಬ್ಬರ್, 'ಶೀಲ್ಡ್‌ವಾಲ್' ದರ್ಜೆಯಲ್ಲಿ 'ಪ್ಯೂರ್‌ಗ್ರಿಪ್' ರಬ್ಬರ್. ಎರಡೂ ಹಾಲು ಹಾಕಿ ಓಡಿಸಲೆಂದೇ ಮಾಡಿದವು, ಎರಡನೆಯದರ ಬೆಲೆ ಕಡಿಮೆ. ಪಂದ್ಯಕ್ಕೆ ಇಳಿಯದವರಿಗೆ, ಭಾನುವಾರ ಬೆಳಿಗ್ಗೆ ಕಾಡುದಾರಿ ಸುತ್ತಿ ಬರುವವರಿಗೆ, ಅದು ಧಾರಾಳ ಸಾಕು.

◆ 'ಟಿಪಿಐ' ಎಂದರೆ ಟೈರಿನ ಒಳಬಟ್ಟೆಯಲ್ಲಿ ಒಂದು ಇಂಚಿಗೆ ಎಷ್ಟು ಎಳೆ ಇದೆ ಎಂಬ ಲೆಕ್ಕ. ಸೀರೆ ಕೊಳ್ಳುವಾಗ ನೇಯ್ಗೆ ಮುಟ್ಟಿ ನೋಡುವ ಅಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆ ಹೆಚ್ಚಾದಷ್ಟು ಬಟ್ಟೆ ನಯ, ಟೈರು ಹಗುರ, ಕಲ್ಲಿನ ಮೇಲೆ ಮೆತ್ತಗೆ ಹರಿಯುತ್ತದೆ. ಎಳೆ ಕಡಿಮೆಯಾದರೆ ಒಂದೊಂದೂ ದಪ್ಪ, ಬಟ್ಟೆ ಒರಟು, ತೂಕ ಹೆಚ್ಚು, ಆದರೆ ಕಲ್ಲಿನ ಚೂಪಿಗೆ ಬೇಗ ಸೀಳುವುದಿಲ್ಲ. ಅಂದರೆ 60 ಎಳೆಯ ಅಗ್ಗದ ಟೈರು 120 ಎಳೆಯ ದುಬಾರಿ ಟೈರಿಗಿಂತ ಕಲ್ಲುದಾರಿಯಲ್ಲಿ ಹೆಚ್ಚು ಬಾಳಲೂಬಹುದು. ಇನ್ನೊಂದು ಎಚ್ಚರ: ಕಾಂಟಿನೆಂಟಲ್ ಪಕ್ಕೆಯ ಮೇಲೆ '3/180' ಎಂದಿದ್ದರೆ ಅದು 60 ಎಳೆಯ ಬಟ್ಟೆ ಮೂರು ಪದರ ಎಂಬ ಲೆಕ್ಕ. ಬೇರೆ ಕಂಪನಿಯ 120ರ ಪಕ್ಕದಲ್ಲಿಟ್ಟು ಹೋಲಿಸುವ ಹಾಗಿಲ್ಲ.

◆ ನಮ್ಮ ಹಾಲಿನವರು, ಅಂಚೆಯವರು ತುಳಿದ ಹಳೆಯ ದೊಡ್ಡ ಸೈಕಲ್ಲಿನ '28' ಇಂಚಿನ ಚಕ್ರ, ಇಂದಿನ '29' ಇಂಚಿನ ಮೌಂಟನ್ ಬೈಕಿನ ಚಕ್ರಕ್ಕಿಂತ ದೊಡ್ಡ ರಿಮ್ಮಿನದು! 28×1½ ಟೈರು ಕೂರುವ ವ್ಯಾಸ 635 ಮಿಲಿಮೀಟರ್, 29ರದು 622. ಇಂಚಿನ ಲೆಕ್ಕ ಟೈರಿನ ಹೊರಮೈಯನ್ನು ಅಂದಾಜಿಗೆ ಹೇಳುತ್ತದೆ ಅಷ್ಟೇ. ರಿಮ್ಮಿಗೆ ಕೂರುವುದನ್ನು ಹೇಳುವುದು ಮಿಲಿಮೀಟರ್. 27.5 ಎಂದರೆ 584, ಮೌಂಟನ್ ಬೈಕಿನ 26 ಎಂದರೆ 559. ಆದರೆ 26×1⅜ ಎಂದು ಭಿನ್ನರಾಶಿಯಲ್ಲಿ ಬರೆದಿದ್ದರೆ ಅದು 590, ಬೇರೆಯೇ ಟೈರು. ಪಕ್ಕೆಯ ಮೇಲೆ '57-622' ಎಂಬಂಥ ಜೋಡಿ ಅಂಕಿ ಇರುತ್ತದೆ: ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಣ ಕಟ್ಟುವ ಮುನ್ನ ಎರಡನೆಯ ಅಂಕಿ ಕೂಡುತ್ತದೆಯೇ ನೋಡಿ.

◆ ಆ 559ರ ಮೂಲ 1933. ಅಮೆರಿಕದ ಶ್ವಿನ್ ಕಂಪನಿ ಮಕ್ಕಳ ಸೈಕಲ್ಲಿಗೆ ತಂದ ಬಲೂನ್ ಟೈರಿನ ಅಳತೆ ಅದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಹುಡುಗರು ಆ ಹಳೆಯ ಸೈಕಲ್‌ಗಳನ್ನೇ ಗುಜರಿಯಿಂದ ತಂದು ಬೆಟ್ಟದಿಂದ ಇಳಿಸಿದರು. ಮೌಂಟನ್ ಬೈಕ್ ಹುಟ್ಟಿದ್ದು ಹಾಗೆ. ಈ ಆಟ ದುಡ್ಡಿದ್ದವರದು ಎಂದು ಯಾರಾದರೂ ಹೇಳಿದಾಗ ನನಗೆ ಆ ಗುಜರಿ ಸೈಕಲ್‌ಗಳು ನೆನಪಾಗುತ್ತವೆ.

◆ ರಬ್ಬರಿನ ಗಡಸುತನಕ್ಕೂ ಅಂಕಿ ಇದೆ. '60ಎ' ಗಿಂತ '50ಎ' ಮೆತ್ತಗೆ. ಮೆತ್ತನೆಯದು ಒದ್ದೆ ಕಲ್ಲನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಡಸಿನದು ಜಾರುತ್ತದೆ, ವರ್ಷಗಟ್ಟಲೆ ಬಾಳುತ್ತದೆ.

◆ ಮುಂದಿನ ಮತ್ತು ಹಿಂದಿನ ಟೈರು ಒಂದೇ ಆಗಿರಬೇಕೆಂಬ ನಿಯಮ ಎಲ್ಲೂ ಇಲ್ಲ. ಮುಂದಿನ ಚಕ್ರ ಜಾರಿದರೆ ಸವಾರ ನೆಲಕ್ಕೆ. ಹಿಂದಿನದು ಜಾರಿದರೆ ಬಹಳ ಸಲ ಸಾವರಿಸಿಕೊಳ್ಳಬಹುದು. ಸವೆಯುವುದು ಮಾತ್ರ ಹಿಂದಿನದೇ ಮೊದಲು, ಏಕೆಂದರೆ ಮೈಭಾರದ ಹೆಚ್ಚು ಪಾಲು ಅದರ ಮೇಲೆ, ತುಳಿದ ಬಲವೂ ಅದರ ಮೂಲಕವೇ ನೆಲಕ್ಕೆ. ಆದ್ದರಿಂದ ಕೈಯಲ್ಲಿರುವ ದುಡ್ಡಿನಲ್ಲಿ ಹೆಚ್ಚಿನ ಪಾಲನ್ನು ಮುಂದಿನ ಟೈರಿಗೆ ಹಾಕಿ, ಹಿಂದಕ್ಕೆ ಗಡಸು ರಬ್ಬರಿನ ಅಗ್ಗದ್ದನ್ನು ಹಾಕಿ. ಹಿಂದಿನದು ಸವೆದಾಗ ಮುಂದಿನದನ್ನು ಹಿಂದಕ್ಕೆ ತಂದು, ಹೊಸದನ್ನು ಯಾವಾಗಲೂ ಮುಂದಕ್ಕೇ ಹಾಕಿ. ಜೋಡಿ ಕೊಳ್ಳುವ ಖರ್ಚು ಒಂದೇ ಸಲ.

◆ ಟೈರಿಗಿಂತ ಮೊದಲು ಪರೀಕ್ಷಿಸಬೇಕಾದದ್ದು ರಿಮ್. ಕಡಿಮೆ ಬೆಲೆಯ ಎಷ್ಟೋ ಸೈಕಲ್‌ಗಳ ರಿಮ್ ಟ್ಯೂಬಿಗೆಂದೇ ಮಾಡಿದ್ದು. ಅಂಚನ್ನು ಹಿಡಿದಿಡುವ ಏಣು ಅದರಲ್ಲಿ ಇರುವುದಿಲ್ಲ. ಅಂಥ ರಿಮ್ ಇದ್ದರೆ ಟ್ಯೂಬ್‌ಲೆಸ್ ಆಸೆಯನ್ನು ಸದ್ಯಕ್ಕೆ ಬಿಟ್ಟು, ಒಳ್ಳೆಯ ಟೈರೊಂದನ್ನು ಟ್ಯೂಬಿನೊಂದಿಗೇ ಓಡಿಸಿ, ಆ ಟ್ಯೂಬಿನೊಳಗೇ ಸ್ವಲ್ಪ ಸೀಲೆಂಟ್ ಹಾಕಿ. ಮೋಟಾರ್ ಬೈಕಿಗೆ ಇರುವಂಥದ್ದೇ ವಾಲ್ವ್ ಆಗಿದ್ದರೆ ಅದರ ಪಿನ್ ಬಿಚ್ಚಬಹುದು, ಹಾಲು ಹೋಗುತ್ತದೆ. ಸಣ್ಣ ಮುಳ್ಳಿಗೆ ಅಷ್ಟೇ ಸಾಕು.

◆ ರಿಮ್ ಟೇಪು ರಿಮ್ಮಿನ ಒಳಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿರಬೇಕು. ಬಟ್ಟೆಯ ಪಟ್ಟಿ, ಇನ್ಸುಲೇಷನ್ ಟೇಪು ಗಾಳಿ ನಿಲ್ಲಿಸುವುದಿಲ್ಲ.

◆ 29 ಇಂಚಿನ ಸಾಧಾರಣ ಬ್ಯುಟೈಲ್ ಟ್ಯೂಬಿನ ತೂಕ ಸುಮಾರು 200 ಗ್ರಾಂ. ಅದನ್ನು ತೆಗೆದು 60ರಿಂದ 90 ಮಿಲಿಲೀಟರ್ ಹಾಲು, ಟೇಪು, ವಾಲ್ವ್ ಹಾಕಿದರೆ ಉಳಿಯುವುದು ಚಕ್ರಕ್ಕೆ ನೂರು ಗ್ರಾಂ ಆಸುಪಾಸು. ಹಗುರವಾಗಲಿ ಎಂದೇ ಟ್ಯೂಬ್‌ಲೆಸ್ ಮಾಡಿಸುವವರಿಗೆ ಇದು ನಿರಾಸೆ ತರಬಹುದು. ದೊಡ್ಡ ಲಾಭ ಇರುವುದು ಗಾಳಿಯ ಒತ್ತಡದಲ್ಲಿ. ಟ್ಯೂಬ್ ಇದ್ದಾಗ ಗಾಳಿ ಕಡಿಮೆ ಮಾಡಿದರೆ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಟ್ಯೂಬೇ ಇಲ್ಲದಿದ್ದರೆ ಆ ಭಯವಿಲ್ಲ. 70 ಕಿಲೋ ತೂಗುವವರು 2.25 ಅಗಲದ ಟೈರಿಗೆ ಮುಂದೆ 22ರಿಂದ 24, ಹಿಂದೆ 24ರಿಂದ 26 ಪಿಎಸ್‌ಐ ಹಾಕಿ ಶುರು ಮಾಡಬಹುದು. ಮೊದಲ ದಿನ ಹಾಗೆ ಓಡಿಸಿದಾಗ ಬೇರುಗಳ ಮೇಲೆ ಸೈಕಲ್ ಕುಪ್ಪಳಿಸದೆ ನೆಲಕ್ಕೆ ಅಂಟಿಕೊಂಡೇ ಹರಿಯಿತು. ಆ ಬೆಳಿಗ್ಗೆಯ ಸಂತೋಷ ಇವತ್ತಿಗೂ ಹಾಗೇ ಇದೆ.

◆ ಟೈರು ಕೂರಿಸಲು ದುಬಾರಿ ಪಂಪು ಬೇಕಿಲ್ಲ. ಅಂಚಿಗೆ ಸೋಪಿನ ನೀರು ಸವರಿ, ವಾಲ್ವಿನ ಪಿನ್ ಬಿಚ್ಚಿ, ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಹೊಡೆಸಿದರೆ, ಟಪ್ ಟಪ್ ಎಂದು ಅಂಚು ರಿಮ್ಮಿಗೆ ಕಚ್ಚಿಕೊಳ್ಳುತ್ತದೆ. ತೆಳು ಪ್ರೆಸ್ಟಾ ವಾಲ್ವ್ ಆದರೆ, ಪಿನ್ ಮತ್ತೆ ಹಾಕಿ ಗಾಳಿ ತುಂಬಲು ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ. ಪಕ್ಕೆಯ ಮೇಲೆ ಮತ್ತು ರಿಮ್ಮಿನ ಮೇಲೆ ಬರೆದ ಗರಿಷ್ಠ ಒತ್ತಡಗಳಲ್ಲಿ ಕಡಿಮೆ ಯಾವುದೋ ಅದನ್ನು ಮೀರಬಾರದು. ಕಂಪ್ರೆಸರ್ ಹಿಡಿದವರಿಗೆ ಆ ಅಂಕಿಯನ್ನು ಮೊದಲೇ ಹೇಳಿಬಿಡಿ, ಅವರ ಕೈ ಸ್ಕೂಟರಿನ ಲೆಕ್ಕಕ್ಕೆ ಒಗ್ಗಿರುತ್ತದೆ.

◆ ಹಾಲು ಒಣಗುತ್ತದೆ. ಎರಡರಿಂದ ಆರು ತಿಂಗಳು ಅದರ ಆಯಸ್ಸು. ಬಿಸಿಲೂರುಗಳಲ್ಲಿ ಇನ್ನೂ ಬೇಗ. ಚಕ್ರವನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಕುಲುಕುವ ಸದ್ದು ಇಲ್ಲದಿದ್ದರೆ ಮತ್ತೆ ತುಂಬಿಸುವ ಹೊತ್ತಾಯಿತು.

◆ ಟ್ಯೂಬ್‌ಲೆಸ್ ಸವಾರರ ಚೀಲದಲ್ಲೂ ಒಂದು ಟ್ಯೂಬು ಇರಬೇಕು. ಹಾಲು ಮುಚ್ಚಲಾರದಷ್ಟು ದೊಡ್ಡ ಸೀಳು ಬಿದ್ದರೆ ಮನೆ ಸೇರಲು ಅದೇ ಗತಿ. ಆದರೆ ಟ್ಯೂಬು ತುರುಕುವ ಮುಂಚೆ ಟೈರಿನ ಒಳಮೈಯ ಮೇಲೆ ಬೆರಳನ್ನು ನಿಧಾನವಾಗಿ, ಜೋಪಾನವಾಗಿ ಆಡಿಸಿ. ತಿಂಗಳುಗಟ್ಟಲೆ ನಿಮಗೆ ಗೊತ್ತೇ ಆಗದಂತೆ ಹಾಲು ಮುಚ್ಚುತ್ತ ಬಂದ ನೆಗ್ಗಿಲು, ಜಾಲಿ ಮುಳ್ಳುಗಳೆಲ್ಲ ಅಲ್ಲೇ ಮೊನೆ ಚಾಚಿ ನಿಂತಿರುತ್ತವೆ. ನನ್ನ ಹಿಂದಿನ ಟೈರಿನಿಂದ ಒಮ್ಮೆ ಹನ್ನೊಂದು ಮುಳ್ಳು ಕಿತ್ತಿದ್ದೇನೆ.